ಎಳಿ ಹರೀತು, ಚಾ ಇಡು

ಆಗ ಇಳಕಲ್ಲಿನ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಮಗ್ಗದ ಸದ್ದಿಗೆ. ಬಾಗಲಕೋಟೆ ಜಿಲ್ಲೆಯಾಗಿ ಕೆಲವು ವರ್ಷ ಆಗಿತ್ತು. ಬಾಗಲಕೋಟೆಯ ಹಳೇ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತದೆಂದು ಅಲ್ಲಿಯ ಜನ ಹಂಡೆ, ಕಪಾಟು, ಬಾಗಿಲ ಚೌಕಟ್ಟು ಹೊತ್ತುಕೊಂಡು ನವನಗರಕ್ಕೆ ನಡೆದಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅದೇ ನೂಲಿನ ಗಂಜಿ ವಾಸನೆ, ಅದೇ ರೊಟ್ಟಿ ಬಡಿಯುವ ಸದ್ದು, ಮತ್ತು ಮೊಮ್ಮಗಳು ಕಸ್ತೂರಿ.

ಕಸ್ತೂರಿಗೆ ಏಳು ವರ್ಷ. ಮಾತಿರಲಿಲ್ಲ. ಮುಖ ಕೊಟ್ಟು ನೋಡುತ್ತಿರಲಿಲ್ಲ. ಹುಡುಗಿಯರು ಕುಂಟಾಟಕ್ಕೆ ಕರೆದರೆ ಅವರು ಎಸೆದ ಕಲ್ಲನ್ನು ಎತ್ತಿಕೊಂಡು ಬಂದು ಮೂಸುತ್ತಾ ಕೂಡುವಳು. ಹೊಸ ಅಂಗಿ ತೊಡಿಸಿದರೆ ಕಿತ್ತು ಒಗೆಯುವಳು. ಸಾಲಿಯ ಮಾಸ್ತರರು ಒಂದು ವಾರ ಇಟ್ಟುಕೊಂಡು ತಿರುಗಿ ಕಳಿಸಿದರು. ಆಕೆ ಸುಮ್ಮನಿರುವ ಜಾಗ ಒಂದೇ, ನನ್ನ ಗಂಡನ ಕುಣಿಮಗ್ಗದ ದಂಡೆ. ಅವರು ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಾಗ ಆಕೆ ಮಗ್ಗದ ಕಟ್ಟಿಗೆಗೆ ಕಿವಿ ಹಚ್ಚಿ ಕೂಡುತ್ತಿದ್ದಳು. ಅವರು ಆಕೆಯನ್ನು ಮಾತಾಡಿಸುತ್ತಿರಲಿಲ್ಲ. ಇಬ್ಬರಿಗೂ ಚೆನ್ನಾಗಿ ಹೊಂದಿತ್ತು.

ಎಳೆ ಹರಿದರೆ ಮಗ್ಗ ನಿಲ್ಲುತ್ತಿತ್ತು. ನಮ್ಮವರು ಎರಡು ಸಲ ಗಂಟಲು ಸರಿಮಾಡಿಕೊಂಡು ಅಡಿಗೆಮನೆಗೆ ಕೇಳುವಂತೆ, “ಎಳಿ ಹರೀತು, ಚಾ ಇಡು” ಅನ್ನುತ್ತಿದ್ದರು. ಹೆಸರು ಹಿಡಿದು ನನ್ನನ್ನು ಕರೆದವರಲ್ಲ. ಕರೆಯುವುದೆಂದರೆ ಅದೇ.

ಆ ಚಳಿಗಾಲ ಅವರು ಸತ್ತರು. ಎದೆ ನೋವು ಅಂದವರು ದವಾಖಾನೆ ಮುಟ್ಟಲಿಲ್ಲ. ಮಗ್ಗ ನಿಂತಿತು, ಕಸ್ತೂರಿ ಚೀರಲು ಹತ್ತಿದಳು. ತಲೆ ಗೋಡೆಗೆ ಬಡಿಯುವಳು, ತನ್ನ ಕೈ ತಾನೇ ಕಚ್ಚಿಕೊಳ್ಳುವಳು. ಬಿಡಿಸಲು ಹೋದ ಅವರವ್ವ, ನನ್ನ ಸೊಸೆ ರೇಣವ್ವನ ಮುಂಗೈ ತುಂಬ ಉಗುರಿನ ಗಾಯ.

ಒಂದು ಮಧ್ಯಾಹ್ನ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಮಗ್ಗದ ಕೋಣೆಯಿಂದ ಎರಡು ಸಲ ಗಂಟಲು ಸರಿಮಾಡಿದ ಸದ್ದು ಬಂತು. ಆಮೇಲೆ, “ಎಳಿ ಹರೀತು, ಚಾ ಇಡು.”

ಅವರದೇ ದನಿ, ಅವರದೇ ಎಳೆತ. ಕೈಯಲ್ಲಿದ್ದ ರೊಟ್ಟಿ ಒಲೆಗೆ ಬಿತ್ತು. ಹೋಗಿ ನೋಡಿದರೆ ಕಸ್ತೂರಿ ಒಬ್ಬಳೇ ಕುಣಿಯ ದಂಡೆಯ ಮೇಲೆ ಕುಳಿತಿದ್ದಾಳೆ, ಕಣ್ಣು ಮಾಳಿಗೆ ನೋಡುತ್ತಿವೆ, ಬಾಯಿಂದ ಮತ್ತೆ ಅದೇ ಮಾತು. ಹೊಸ್ತಿಲ ಮೇಲೇ ಕುಳಿತೆ. ಜೀವಮಾನವೆಲ್ಲ ಆ ಮಾತಿಗೆ ಎದ್ದು ಚಹಾ ಇಟ್ಟವಳು, ಅವತ್ತೂ ಇಟ್ಟೆ. ಹೆದರಿಕೆಗೆ ಇಟ್ಟೆ. ಒಂದು ಬಸಿ ಚಹಾ ಮಗ್ಗದ ಮುಂದಿಟ್ಟು ಹಿಂದೆ ನೋಡದೆ ಬಂದೆ.

“ಅಪ್ಪ ಹೋಗಿಲ್ಲವ್ವಾ, ಇಕಿ ಮೈಯಾಗ ಹೊಕ್ಕಾನ” ಅಂದ ಮಗ ಈರಣ್ಣ. ಹುನಗುಂದದ ಕಡೆಯಿಂದ ದೆವ್ವ ಬಿಡಿಸುವವನೊಬ್ಬನನ್ನು ಕರೆತಂದ. ಆತ ಬೇವಿನ ತಪ್ಪಲು ಹಿಡಿದು ಕಸ್ತೂರಿಯ ಮುಂದೆ ಕುಕ್ಕರಿಸಿದ.

“ಯಾರು ನೀ?”

“ಯಾರು ನೀ?” ಅಂದಳು ಕಸ್ತೂರಿ, ಆತನ ಗೊಗ್ಗರು ದನಿಯಲ್ಲೇ.

“ಎಲ್ಲಿಂದ ಬಂದಿ?”

“ಎಲ್ಲಿಂದ ಬಂದಿ?”

“ನನಗ ತಿರುಗಿ ಕೇಳ್ತಿಯೇನ?”

“ನನಗ ತಿರುಗಿ ಕೇಳ್ತಿಯೇನ?”

ಬಾಗಿಲಲ್ಲಿ ನೆರೆದ ಹೆಂಗಸರು ಹಿಂದೆ ಸರಿದರು. ಆತನಿಗೂ ಬೆವರು ಬಂತು. ಬೇವಿನ ತಪ್ಪಲಿನಿಂದ ಆಕೆಯ ಮೈ ಬಾಯುವ ಹಾಗೆ ಬಡಿದ. “ಹಟಮಾರಿ ಐತಿ ಇದು. ಅಮಾಸಿ ದಿನ ಬರ್ತೇನಿ. ಕುಡುಗೋಲು ಕಾಸಿ ಬೆನ್ನಿಗೆ ಬರಿ ಹಾಕಿದ್ರನ ಹೋಗತೈತಿ. ಹಿಡಿಯಾಕ ಮಂದಿ ಇರ್ಲಿ.”

ಈರಣ್ಣ ಹೂಂ ಅಂದ. ಅವನ ತುಟಿಯೂ ಒಣಗಿತ್ತು. ನನಗೆ ಎರಡೂ ಕಡೆಯ ಹೆದರಿಕೆ. ಒಳಗಿರುವುದು ಅವರೇ ಆದರೆ ಕಾಸಿದ ಕಬ್ಬಿಣ ಅವರಿಗೂ ಸುಡುತ್ತದೆ. ಅವರಲ್ಲದಿದ್ದರೆ ಸುಡುವುದು ಕೂಸಿನ ಬೆನ್ನು.

ಹೊಡೆತಕ್ಕೆ ಜ್ವರ ಬಂತು. ರೇಣವ್ವನೂ ನಾನೂ ಹುಡುಗಿಯನ್ನು ದವಾಖಾನೆಗೆ ಒಯ್ದೆವು. ಡಾಕ್ಟರರು ಬಹಳ ಹೊತ್ತು ಆಕೆಯನ್ನು ನೋಡಿದರು. “ದೆವ್ವ ಅಲ್ಲವ್ವಾ ಇದು. ಆಟಿಸಂ ಅಂತಾರ. ಹುಟ್ಟಿನಿಂದ ಮಿದುಳು ಬ್ಯಾರೆ ನಮೂನಿ ಇರತೈತಿ. ಗುಳಿಗಿಲೆ ಹೋಗೂದಲ್ಲ. ನವನಗರದಾಗ ಒಬ್ಬಾಕಿ ಇಂಥಾ ಮಕ್ಕಳಿಗೆ ಕಲಸ್ತಾಳ, ಹೋಗಿ ಬರ್ರಿ.” ಆ ಶಬ್ದ ನನ್ನ ನಾಲಿಗೆಗೆ ಹತ್ತಲಿಲ್ಲ. ಅಮಾವಾಸ್ಯೆ ನಾಡಿದ್ದು ಎಂಬುದೊಂದೇ ತಲೆಯಲ್ಲಿತ್ತು.

ಮರುದಿನ ಬಸ್ಸು ಹತ್ತಿದೆವು. ಹಾರ್ನ್ ಹೊಡೆದಾಗೆಲ್ಲ ಕಸ್ತೂರಿ ಚೀರಿದಳು. ಮುಂದಿನ ಸೀಟಿನವ ತಿರುಗಿ, “ಬಾಯಿ ಮುಚ್ಚಸ್ರಿ ಆಕಿದು” ಅಂದ. “ನೀವು ಕಿವಿ ಮುಚ್ಕೋರಿ” ಅಂದಳು ರೇಣವ್ವ.

ನವನಗರದಲ್ಲಿ ಎಲ್ಲ ಮನೆಯೂ ಒಂದೇ ಥರ, ಹಸಿ ಸಿಮೆಂಟಿನ ವಾಸನೆ. ಕೇಳಿ ಕೇಳಿ ಮನೆ ಹುಡುಕಿದೆವು. ಕಲಿಸುವಾಕೆಯ ಹೆಸರು ಸುಮಕ್ಕ. ಒಂದೇ ಕೋಣೆ, ಚಾಪೆ, ನಾಲ್ಕಾರು ಮಕ್ಕಳು. ಕಿಟಕಿಯ ಹತ್ತಿರ ಮೀಸೆ ನರೆತ ಒಬ್ಬ ಗಂಡಸು ನಿಂತು ಕೂಗುತ್ತಿದ್ದ: “ಕುಳಗೇರಿ ಕ್ರಾಸ್, ಕುಳಗೇರಿ ಕ್ರಾಸ್. ಇಳಿಯೋರು ಬಾಗಲಕ್ಕ ಬರ್ರಿ.” ನಾನು ಬಸ್ಸು ಬಂತೇನೋ ಎಂದು ಹೊರಗೆ ನೋಡಿದೆ.

“ನನ್ನ ತಮ್ಮ” ಅಂದಳು ಸುಮಕ್ಕ. “ನಾವು ಸಣ್ಣವರಿದ್ದಾಗ ಬಾದಾಮಿ ಬಸ್ಸಿನಾಗ ಒಬ್ಬ ಕಂಡಕ್ಟರ್ ಇದ್ದ. ಅವನ ದನಿ ಅದು.”

“ಆ ಕಂಡಕ್ಟರ್ ಸತ್ತು ಎಷ್ಟ ದಿನ ಆತ್ರಿ?” ಎಂದು ಕೇಳಿದೆ.

“ಯಾಕ ಸಾಯ್ತಾನ, ಆಯಿ? ರಿಟೈರ್ ಆಗಿ ಕುಳಗೇರಿ ಕ್ರಾಸಿನಾಗ ಅಂಗಡಿ ಇಟ್ಟಾನ. ಮನ್ನೆ ತಮ್ಮನ್ನ ಕರಕೊಂಡ ಹೋಗಿದ್ದೆ. ಇಬ್ಬರೂ ಕೂಡೇ ಒದರಿದ್ರು.”

ರೇಣವ್ವ ನಕ್ಕಳು, ಎಷ್ಟೋ ದಿನದ ಮೇಲೆ. ನಾನು ನಗಲಿಲ್ಲ. ಬದುಕಿದ್ದವನ ದನಿಯೂ ಹೀಗೆ ಬರುವುದಾದರೆ ಇದು ದೆವ್ವ ಹೇಗಾದೀತು ಎಂದು ಯೋಚಿಸುತ್ತಿದ್ದೆ.

“ಅಜ್ಜ ಆ ಮಾತು ಯಾವಾಗ ಅಂತಿದ್ರು?” ರೇಣವ್ವ ಎಲ್ಲ ಹೇಳಿದ ಮೇಲೆ ಸುಮಕ್ಕ ಕೇಳಿದಳು.

“ಮಗ್ಗ ನಿಂತಾಗ.”

“ಹಂಗಾರ ಆಕಿನೂ ಅದನ್ನ ಹೇಳಾಕತ್ತಾಳ. ಮಗ್ಗ ನಿಂತೈತಿ, ಯಾರರೆ ನೋಡ್ರಿ ಅಂತ. ಅದನ್ನ ಹೇಳಾಕ ಆಕಿ ಹತ್ತರ ಬ್ಯಾರೆ ಮಾತಿಲ್ಲ.”

ಅಮಾವಾಸ್ಯೆಯ ದಿನ ನಾನು ಕುಣಿಗೆ ಇಳಿದೆ. ಜೀವಮಾನವೆಲ್ಲ ಲಾಳಿಯ ಕಂಡಕಿಗೆ ನೂಲು ಸುತ್ತಿಕೊಟ್ಟವಳು, ಲಾಳಿ ಒಗೆದವಳಲ್ಲ. ಎಳೆ ಹರಿಯಿತು, ಬಟ್ಟೆ ಸೊಟ್ಟಗಾಯಿತು. ಆದರೂ ಸದ್ದು ಸದ್ದೇ. ಕಸ್ತೂರಿ ಬಂದು ಕಟ್ಟಿಗೆಗೆ ಕಿವಿ ಹಚ್ಚಿ ಕುಳಿತಳು. ಚೀರಾಟ ನಿಂತಿತು.

ಸಂಜೆಗೆ ದೆವ್ವ ಬಿಡಿಸುವವ ಬಂದ. ಅಂಗಳದಲ್ಲಿ ಕೆಂಡ ಮಾಡಿ ಕುಡುಗೋಲು ಇಟ್ಟ. ಕಾದ ಕಬ್ಬಿಣದ ವಾಸನೆ ಒಳಗೆ ಬಂತು. ನಾನು ಮಗ್ಗ ನಿಲ್ಲಿಸಲಿಲ್ಲ. ಈರಣ್ಣ ಬಾಗಿಲಲ್ಲಿ ನಿಂತ.

“ಕಂಡಕ್ಟರ್ ಬದುಕ್ಯಾನಪಾ” ಅಂದೆ.

“ಯಾವ ಕಂಡಕ್ಟರ್?” ಅಂದ. ನನಗೂ ದೆವ್ವ ಬಡಿಯಿತು ಅಂದುಕೊಂಡ.

ಆಮೇಲೆ ಮಗಳನ್ನು ನೋಡಿದ. ಮೈಮೇಲಿನ ಬಾಸುಂಡೆ ಇನ್ನೂ ಕೆಂಪಗಿದ್ದವು. ಆಕೆ ಕಣ್ಣು ಮುಚ್ಚಿ ಕುಳಿತಿದ್ದಳು. ಈರಣ್ಣ ಅಂಗಳಕ್ಕೆ ಹೋಗಿ, “ಬ್ಯಾಡ್ರಿ. ಚಾ ಕುಡದ ಹೋಗ್ರಿ” ಅಂದ. ಆತ ಚಹಾ ಮುಟ್ಟಲಿಲ್ಲ. “ನಾಳೆ ಏನರೆ ಆದ್ರ ನನಗ ಹೇಳಬ್ಯಾಡ್ರಿ” ಎಂದು ಹೊರಟ. ಆ ಮಾತು ನನ್ನ ಹೊಟ್ಟೆಯಲ್ಲಿ ವರ್ಷಗಟ್ಟಲೆ ಉಳಿಯಿತು. ನಮ್ಮ ಮನೆಯ ಕುಡುಗೋಲನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟೆ. ಗಂಟಲು ಸರಿಮಾಡಿದ ಸದ್ದು ಕೇಳಿದಾಗೆಲ್ಲ, ತಿಳಿದಿದ್ದರೂ ಮೈ ಜುಮ್ಮೆನ್ನುತ್ತಿತ್ತು.

ವಾರಕ್ಕೊಮ್ಮೆ ನವನಗರಕ್ಕೆ ಒಯ್ದೆವು. ಬಹಳ ವರ್ಷ ಒಯ್ದೆವು. ಮೊದಲು “ನೀರು” ಬಂತು. ಆಮೇಲೆ “ಬ್ಯಾಡ” ಬಂತು, ಅದನ್ನು ದಿನವೆಲ್ಲ ಅಂದಳು. ತನ್ನ ಮಾತು ಬಂದ ಹಾಗೆ ಅಜ್ಜನ ಮಾತು ಕಡಿಮೆಯಾಯಿತು. ಕೊನೆಯ ಸಲ ಯಾವಾಗ ಅಂದಳೋ ನಾನು ಗಮನಿಸಲೂ ಇಲ್ಲ.

ಸುಮಕ್ಕ ತಮ್ಮನನ್ನು ಕರೆದುಕೊಂಡು ಎಲ್ಲಿಗೋ ಹೋದಳು, ಆ ಕೋಣೆಗೆ ಬೀಗ. ಈಗ ಯಾರಾದರೂ ಇಂಥ ಕೂಸನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದು ಎಲ್ಲಿ ಹೋಗಬೇಕೆಂದು ಕೇಳಿದರೆ, ಮಗ್ಗದ ಕೋಣೆ ತೋರಿಸುತ್ತೇನೆ, ಕೂಡಿಸಿಕೊಳ್ಳುತ್ತೇನೆ.

ಕಸ್ತೂರಿ ಈಗ ದೊಡ್ಡಾಕೆ, ಸೀರೆ ಮಡಚುವ ಕೆಲಸ ಆಕೆಯದು. ನಮ್ಮವರ ಒಂದು ಫೋಟೋ ಇದೆ. ದನಿ ಎಲ್ಲಿಯೂ ಇಲ್ಲ. ಅದು ಇದ್ದದ್ದು ಆ ಹುಡುಗಿಯ ಬಾಯಲ್ಲಿ, ಅದಕ್ಕೆ ಹೆದರಿ ಓಡಿದವಳು ನಾನು.

ಕೆಲವು ಮಧ್ಯಾಹ್ನ ಬೇಕೆಂದೇ ಮಗ್ಗ ನಿಲ್ಲಿಸಿ ಕೂಡುತ್ತೇನೆ. ಕಸ್ತೂರಿ ಬಾಗಿಲಿಗೆ ಬಂದು, “ಆಯಿ, ಮಗ್ಗ ಯಾಕ ನಿಂತೈತಿ?” ಎಂದು ತನ್ನ ದನಿಯಲ್ಲೇ ಕೇಳುತ್ತಾಳೆ.

“ಎಳಿ ಹರೀತು, ಚಾ ಇಡು” ಅನ್ನುತ್ತೇನೆ. ನನ್ನ ಬಾಯಲ್ಲಿ ಅದು ಅವರ ಹಾಗೆ ಬರುವುದಿಲ್ಲ.