ಜಡ್ಜುಗಳನ್ನು ಯಾರು ಆರಿಸಬೇಕು ಎಂಬ ಜಗಳ

ನಿವೃತ್ತರಾದ ಮೇಲೆ ನನ್ನ ಗಂಡ ಮನೆಯಲ್ಲಿ ಮಾತು ಕಡಿಮೆ ಮಾಡಿದರು. ‘ಕಾಫಿ ಆಯ್ತಾ’, ‘ಗ್ಯಾಸ್ ಬುಕ್ ಮಾಡ್ದ್ಯಾ’, ಅಷ್ಟೇ. ಆದರೆ ವಿದ್ಯಾರಣ್ಯಪುರದ ನಮ್ಮ ಪಾರ್ಕಿಗೆ ವಾಕಿಂಗ್ ಹೋದರೆ ಬಿಸಿಲೇರಿದರೂ ಬರುತ್ತಿರಲಿಲ್ಲ. ಒಂದು ದಿನ ನಾನೂ ಹಿಂದೆಯೇ ಹೋದೆ.

ಬೆಂಚಿನ ಮೇಲೆ ಅವರ ಪಕ್ಕ ಒಬ್ಬ ಹೆಂಗಸು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದವರಂತೆ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಗಿಡ್ಡಕ್ಕೆ ಕತ್ತರಿಸಿದ ಬಿಳಿ ಕೂದಲು. ಇಬ್ಬರೂ ಸುಪ್ರೀಂ ಕೋರ್ಟಿನ ಬಗ್ಗೆ ವಾದಕ್ಕೆ ಬಿದ್ದಿದ್ದರು.

“ಜಡ್ಜುಗಳೇ ಜಡ್ಜುಗಳನ್ನ ಆರಿಸ್ಕೊಳ್ಳೋದು ಯಾವ ಪ್ರಜಾಪ್ರಭುತ್ವ ಕಣ್ರೀ? ಓಟು ಹಾಕೋದು ಜನ. ಅವರ ಸರ್ಕಾರ ನೇಮಿಸ್ಲಿ,” ಅನ್ನುತ್ತಿದ್ದರು ಇವರು.

“ಆ ಸರ್ಕಾರ ತಪ್ಪು ಮಾಡಿದ್ರೆ ಹೇಳೋರ್ ಯಾರು ಸಾರ್?” ಎಂದು ಆಕೆ ನಕ್ಕರು.

ಇವರೂ ನಕ್ಕರು. ಆ ನಗು ನೋಡಿ ಎಷ್ಟು ಕಾಲವಾಗಿತ್ತು! ಆಕೆ ಸರಸವಾಡಿದ್ದರೆ ಜಗಳಕ್ಕೆ ಹೋಗಬಹುದಿತ್ತು. ಸಂವಿಧಾನದ ಬಗ್ಗೆ ಮಾತಾಡುವವರ ಮೇಲೆ ಏನೆಂದು ರೇಗಲಿ?

ಅಂದು ಸಂಜೆ ಅವರೆಕಾಯಿ ಸುಲಿಯುತ್ತಾ ನಾನೇ ಶುರು ಮಾಡಿದೆ. “ಚಿಕ್ಕಬಾಣಾವರದಲ್ಲಿ ನಮ್ಮಪ್ಪನ ಹೊಲಾನ ಸರ್ಕಾರ ಲೇಔಟಿಗೆ ಅಂತ ಹಿಡ್ಕೊಂಡಾಗ, ಅಪ್ಪ ಅದೇ ಸರ್ಕಾರದ ಮೇಲೆ ಕೇಸ್ ಹಾಕಿದ್ರು. ಹೊಲ ವಾಪಸ್ ಬಂತು. ಸರ್ಕಾರ ತನಗೆ ಬೇಕಾದ ಜಡ್ಜನ್ನೇ ಕೂರಿಸಿದ್ದಿದ್ರೆ ಬರ್ತಿತ್ತಾ?”

ಇವರು ಟೀವಿಯ ಶಬ್ದ ಜಾಸ್ತಿ ಮಾಡಿದರು. “ನಿಂಗದೆಲ್ಲ ಅರ್ಥ ಆಗಲ್ಲ ಬಿಡು.”

ಮರುದಿನ ನಾನೂ ಬೆಂಚಿನ ತುದಿಯಲ್ಲಿ ಕೂತೆ. ಇವರು ಗಂಟಲು ಸರಿಮಾಡಿಕೊಂಡು, “ನಂಗೊಂದು ಯೋಚನೆ ಬಂತು ಮೇಡಂ,” ಎಂದು ನನ್ನಪ್ಪನ ಹೊಲದ ಕತೆಯನ್ನು ನಾನು ಹೇಳಿದಂತೆಯೇ ಒಪ್ಪಿಸಿದರು.

“ಎಷ್ಟ್ ಚೆನ್ನಾಗ್ ಹೇಳಿದ್ರಿ ಸಾರ್!” ಅಂದರು ಆಕೆ. ಇವರ ಮುಖ ಅರಳಿತು.

“ಅದು ನಾನ್ ಹೇಳಿದ್ದು,” ಅಂದೆ. ದನಿ ಜೋರಾಯಿತು. ವಾಕಿಂಗ್ ಮಾಡುತ್ತಿದ್ದವರು ತಿರುಗಿ ನೋಡಿದರು.

ಆಕೆ ಇವರನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿ ಕೂತರು. “ಹೌದಾ? ಹಾಗಾದ್ರೆ ನೀವೇ ಹೇಳಿ. ಕೋರ್ಟಲ್ಲಿ ಏನಾಯ್ತು?”

ಎಲ್ಲವನ್ನೂ ಹೇಳಿದೆ. ಆಕೆ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಕೇಳಿದರು, “ಆ ಜಡ್ಜೇ ತಪ್ಪು ಮಾಡಿದ್ದಿದ್ರೆ?”

ನಾನು ಇವರ ಮುಖ ನೋಡಿದೆ.

“ನಾನ್ ಮೊದಲಿಂದ ಹೇಳ್ತಿರೋದೂ ಅದೇ!” ಎಂದು ಇವರು ಮತ್ತೆ ಸರ್ಕಾರವೇ ನೇಮಿಸಲಿ ಎಂಬ ತಮ್ಮ ಹಳೆಯ ವಾದಕ್ಕೆ ಹಾರಿದರು.

ಈಗ ಮೂವರೂ ವಾದ ಮಾಡುತ್ತೇವೆ, ಕೆಲವೊಮ್ಮೆ ಗಂಡ ಹೆಂಡತಿ ನಾವಿಬ್ಬರೇ ಮನೆ ತಲುಪುವವರೆಗೂ. ಆದರೂ ಆಕೆಯ ಮಾತಿಗೆ ಇವರು ನಕ್ಕಾಗ ನನಗೆ ಉರಿಯುತ್ತದೆ.