ಬೆಂಕಿಪೊಟ್ಟಣದಲ್ಲಿ ತಂದ ಕರಿಹುಳ

ನಮ್ಮ ಮಾಲಿಯ ಹೆಗಲ ಮೇಲಿನ ಬಿಳಿ ಟವೆಲ್ಲಿನಲ್ಲಿ ಸದಾ ಸಣ್ಣ ಕೆಂಪು ಗೀರುಗಳಿರುತ್ತಿದ್ದವು. ಗುಲಾಬಿಯ ಎಲೆಯನ್ನು ಅದರ ಮೇಲೆ ತಟ್ಟಿ, ಉದುರಿದ ಧೂಳನ್ನು ಹೆಬ್ಬೆರಳಿನಿಂದ ಒರೆಸುವರು. ಗೀರು ಕೆಂಪಾದರೆ ಎಲೆಯ ರಸ ಹೀರುವ ಕೆಂಪು ನುಸಿ ಬಿದ್ದಿದೆ ಎಂದೇ ಲೆಕ್ಕ. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಒಂದೊಂದೇ ಎಲೆ ಮಗುಚಿ, ಅಡಿಭಾಗಕ್ಕೆ ನೀರು ಎರಚಿ ತೊಳೆಯುವರು.

ಎಪ್ಪತ್ತರ ದಶಕದ ಆರಂಭ. ಹುಣಸೂರಿನ ಬಂಗಲೆಯೊಂದರ ತೋಟಕ್ಕೆ ನಾನು ಮೇಲ್ವಿಚಾರಕ. ಆಗಷ್ಟೇ ಓದಿ ಬಂದಿದ್ದೆ, ತಲೆಗೆ ಕೊಂಬು ಮೂಡಿದ್ದ ಕಾಲ. ವೀರನಹೊಸಹಳ್ಳಿ ಕಡೆಯ ಕಾಡಂಚಿನ ಹಾಡಿಯವರಾದ, ನನ್ನ ತಂದೆಗಿಂತ ಹಿರಿಯರಾದ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ.

ಒಮ್ಮೆ ಎಲೆಯಡಿ ಸಾಸಿವೆಗಿಂತ ಚಿಕ್ಕ ಕರಿಹುಳ ಕಂಡು ಹೊಸಕಲು ಹೋದೆ. ಕೈ ಹಿಡಿದರು.

"ಅದ ಬುಡಿ ಬುದ್ದಿ. ನುಸಿ ತಿನ್ನಾದೇ ಅದು."

ಆ ವರ್ಷ ತೋಟ ನೋಡಲು ದೊಡ್ಡ ಸಾಹೇಬರು ಬರುವವರಿದ್ದರು. ತೊಳೆಯುವ ಕೆಲಸ ನನಗೆ ಕಾಲಹರಣವೆನಿಸಿತು. ಬಿಳಿಕೆರೆಯಲ್ಲಿ ಮನೆಮನೆಗೂ ಮಲೇರಿಯಾ ಔಷಧಿ ಹೊಡೆಯುತ್ತಿದ್ದವರನ್ನು ಕಾಡಿಬೇಡಿ ಡಿ.ಡಿ.ಟಿ. ತಂದು ಹೊಡೆಸಿದೆ. ಕರಿಹುಳಗಳೆಲ್ಲ ಉದುರಿದವು. ನುಸಿಗೆ ಏನೂ ಆಗಲಿಲ್ಲ. ಎರಡೇ ವಾರದಲ್ಲಿ ಎಲೆಗಳು ಕಂದಿ, ಮೊಗ್ಗುಗಳಿಗೆ ನುಸಿಯ ಬಲೆ ಸುತ್ತಿಕೊಂಡಿತು. ಗಾಬರಿಯಲ್ಲಿ ಮತ್ತೆ ಹೊಡೆಸಿದೆ. ಮಾಲಿ ಎಲೆ ತಟ್ಟಿ ಒರೆಸಿದರು. ಟವೆಲ್ಲಿನ ಮೇಲೆ ಅಂಗೈಯಗಲ ಕೆಂಪು.

"ಕಾಯೋವೇ ವೋದ್ವಲ್ಲ ಬುದ್ದಿ," ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು.

ಬೋಳು ಗಿಡಗಳನ್ನು ನೋಡಿದ ಸಾಹೇಬರು ಇದು ಯಾರ ಕೆಲಸವೆಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ. ದಿನಗೂಲಿಯ ಮಾಲಿಯನ್ನು ಅಂದೇ ಕೆಲಸದಿಂದ ಬಿಡಿಸಿದರು. ಮಾಲಿ ನನ್ನ ಕಡೆ ಬೆರಳು ತೋರಿಸಬಹುದಿತ್ತು, ತೋರಿಸಲಿಲ್ಲ.

ವಾರ ಕಳೆದ ಮೇಲೆ ಅವರೇ ಬಂದರು, ಕೈಯಲ್ಲೊಂದು ಬೆಂಕಿಪೊಟ್ಟಣ. ಒಳಗೆ ಹಾಡಿಯ ಹರಳು ಗಿಡಗಳಿಂದ ಆಯ್ದು ತಂದ ಕರಿಹುಳಗಳು ಹರಿದಾಡುತ್ತಿದ್ದವು. ನಾನೋ ಅಂದು ಬೆಳಿಗ್ಗೆಯಷ್ಟೇ ಮೂರನೆಯ ಸಲ ಔಷಧಿ ಹೊಡೆಸಿದ್ದೆ. ಅವರು ಎಲೆ ಮೂಸಿ ನೋಡಿ ಪೊಟ್ಟಣ ಮುಚ್ಚಿದರು.

"ಈಗ ಬುಟ್ರೆ ಇವೂ ಸಾಯ್ತವೆ. ಮಳೆ ಬಿದ್ಮೇಲೆ ತತ್ತೀನಿ ಬುಡಿ."

ಮಳೆ ಬಿತ್ತು. ಅವರು ಬರಲಿಲ್ಲ. ತಪ್ಪೊಪ್ಪಿಕೊಳ್ಳೋಣವೆಂದು ಹಾಡಿಗೆ ಹೋದರೆ, ಜ್ವರದಲ್ಲಿ ತೀರಿಕೊಂಡು ತಿಂಗಳಾಯಿತೆಂದು ಸೊಸೆ ಹೇಳಿದಳು. ಸೂರಿನಲ್ಲಿ ಸಿಕ್ಕಿಸಿದ್ದ ಖಾಲಿ ಬೆಂಕಿಪೊಟ್ಟಣವನ್ನು ತೆಗೆದು ನನ್ನ ಕೈಗಿಟ್ಟಳು.

"ಬಂಗ್ಲೆ ಬುದ್ದಿ ಬಂದ್ರೆ ಕೊಡು ಅಂದಿದ್ರು. ಉಳ ನೀವೇ ಆಯ್ಕಬೇಕಂತೆ."

ಹಿತ್ತಲಿನ ಹರಳು ಗಿಡದ ಎಲೆ ಮಗುಚಿದೆ. ಹುಳಗಳಿದ್ದವು. ಪೊಟ್ಟಣ ತೆರೆದು ಎಲೆಯಡಿ ಒಡ್ಡಿದೆ, ಒಂದನ್ನೂ ಹಿಡಿಯಲಾಗಲಿಲ್ಲ.