ಸೋಮವಾರ ಬಂದ ಗುಲಗಂಜಿ ಹುಳ

ಹಾರನಹಳ್ಳಿಯ ಶಿವಗಂಗಮ್ಮನವರ ಅವರೆ ಹೊಲಕ್ಕೆ ಹೇನು ಹತ್ತಿತ್ತು. ಹೂವು, ಎಳೆಕಾಯಿ ಎಲ್ಲಾ ಕರ್ರಗೆ, ಅಂಟಂಟು. ಔಷಧಿ ಹೊಡೀಬೇಡಿ, ಹೇನು ತಿನ್ನುವ ಗುಲಗಂಜಿ ಹುಳದ ಮರಿ ತಂದು ಬಿಡುತ್ತೇನೆ ಅಂತ ಫೋನಿನಲ್ಲಿ ಹೇಳಿದ್ದೆ. ನನ್ನ ಕೆಲಸವೇ ಅದು. ಮರಿಗಳ ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು ಅರಸೀಕೆರೆಯಿಂದ ಬಸ್ಸಿನಲ್ಲಿ ಹೋದೆ.

ಇನ್ನೇನು ಮುಚ್ಚಳ ತೆಗೆಯಬೇಕು, ಆಯಮ್ಮ ಕೈ ಅಡ್ಡ ಹಿಡಿದರು.

"ತಡೀರಿ ಸಾ. ಇವು ಹೇನನ್ನ ಜೀವಂತ ತಿಂತಾವಾ?"

"ಹೌದಮ್ಮ, ಅದಕ್ಕೇ ತಂದಿರೋದು."

"ಇವತ್ತು ಕಾರ್ತೀಕ ಸೋಮವಾರ. ನಮ್ಮ ಹೊಲದಾಗೆ ಮಾಂಸದೂಟ ಆಗ್ಬಾರ್ದು. ನಾಳೆ ಬಿಡಿ."

"ನಾಳೆವರೆಗೂ ಡಬ್ಬೀಲಿಟ್ರೆ ಹಸಿವಿಗೆ ಒಂದನ್ನೊಂದು ತಿಂದುಬಿಡ್ತಾವೆ" ಅಂದೆ.

"ಅಯ್ಯೋ ಶಿವನೇ! ಆ ಪಾಪ ಡಬ್ಬಿ ಹಿಡ್ಕಂಡಿರೋ ನಿಮಗೆ ಬತ್ತೈತೆ."

ಬೆಳಿಗ್ಗೆ ತಿಂದ ಆಮ್ಲೆಟ್ಟೇ ಇನ್ನೂ ಹೊಟ್ಟೆಯಲ್ಲಿತ್ತು, ಅದರ ಮೇಲೆ ಇದು ಬೇರೆ. ಬಿಟ್ಟರೆ ಪಾಪವೋ ಬಿಡದಿದ್ದರೆ ಪಾಪವೋ ತಿಳಿಯದೆ ಬದುವಿನ ಮೇಲೆ ಪೆಚ್ಚಾಗಿ ನಿಂತೆ. ಕೊನೆಗೆ ಅವರೇ, "ಗಿಡದ ಮೇಲೆ ಬಿಡಿ. ತಿನ್ನೋದು ಬಿಡೋದು ಅವುಕ್ಕೆ ಸೇರಿದ್ದು. ನಾನಂತೂ ನೋಡಾಕಿಲ್ಲ" ಅಂದು, ತಲೆಮೇಲೆ ಸೆರಗೆಳೆದುಕೊಂಡು ತೆಂಗಿನ ತೋಟದ ಕಡೆ ಮುಖ ಮಾಡಿ ನಿಂತರು. ನಾನು ಮರಿಗಳನ್ನು ಎಲೆಗಳ ಮೇಲೆ ಉದುರಿಸಿದೆ.

ಸ್ವಲ್ಪ ಹೊತ್ತಾದ ಮೇಲೆ, ತಿರುಗದೆಯೇ, ಮೆಲ್ಲಗೆ ಕೇಳಿದರು: "ಚೆನ್ನಾಗಿ ತಿಂತಾವಾ?"

ಹೌದು ಅಂದರೆ ಅವರ ಸೋಮವಾರ ಕೆಡುತ್ತದೆ. ಇಲ್ಲ ಅಂದರೆ ನನ್ನ ಹುಳಗಳ ಮಾನ ಹೋಗುತ್ತದೆ.

"ಸದ್ಯಕ್ಕೆ ಬರೀ ಪಲಾರ ಮಾಡ್ತಾವೆ ಕಣಮ್ಮ" ಅಂದೆ.